ಸಿ ಡ್ರೈವ್ ಕೆಂಪಾಗಿದೆಯಾ? ಕಂಪ್ಯೂಟರಿನಲ್ಲಿ ಜಾಗ ಮಾಡಿಕೊಳ್ಳೋದು ಹೇಗೆ, ಒಂದೊಂದೇ ಹೆಜ್ಜೆ

ಕಳೆದ ಫೆಬ್ರವರಿಯಲ್ಲಿ ಒಂದು ರಾತ್ರಿ ಹತ್ತೂವರೆಗೆ ಅಕ್ಕ ಫೋನ್ ಮಾಡಿದಳು. ಅವಳು ತೀರ್ಥಹಳ್ಳಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಮರುದಿನ ಮಕ್ಕಳಿಗೆ ಪೂರ್ವಸಿದ್ಧತಾ ಪರೀಕ್ಷೆ.

"ಲೋ, ಪ್ರಶ್ನೆಪತ್ರಿಕೆ ಸೇವ್ ಆಗ್ತಾ ಇಲ್ಲ ಕಣೋ. ಡಿಸ್ಕ್ ಫುಲ್ ಅಂತ ಬರ್ತಿದೆ. ಏನಾದ್ರೂ ಡಿಲೀಟ್ ಮಾಡ್ಲಾ?"

"ಏನೂ ಡಿಲೀಟ್ ಮಾಡ್ಬೇಡ ಅಕ್ಕ. ಪೆನ್‌ಡ್ರೈವ್ ಹಾಕಿ ಅದಕ್ಕೆ ಸೇವ್ ಮಾಡು. ಭಾನುವಾರ ಬರ್ತೀನಿ."

ಆ ಭಾನುವಾರ ಮಾಡಿದ ಕೆಲಸವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಡಿಸ್ಕ್ ತುಂಬಿದಾಗ ಎಲ್ಲರೂ ಮೊದಲು ಮಾಡೋದು ಕೈಗೆ ಸಿಕ್ಕಿದ್ದನ್ನು ಅಳಿಸೋದು. ಡೆಸ್ಕ್‌ಟಾಪಿನ ಮೇಲೆ ಕಾಣುವ ನಾಲ್ಕು ಫೋಟೋ, ಹಳೇ ವರ್ಡ್ ಫೈಲು, ಎಂಥದೋ ಒಂದು ಸಾಫ್ಟ್‌ವೇರ್. ಹೀಗೆ ಅರ್ಧ ಗಂಟೆ ಅಳಿಸಿದರೂ 1 ಜಿಬಿ ಬಿಡುವಾಗಿರುವುದಿಲ್ಲ. ಬೇಕಾದ್ದು ಮಾತ್ರ ಹೋಗಿರುತ್ತದೆ. ಜಾಗ ತಿಂದವರು ಯಾರು ಅಂತ ಮೊದಲು ನೋಡಬೇಕು, ಆಮೇಲೆ ಕೈ ಹಾಕಬೇಕು. ನಾನು ನೋಡಿದ ಹೆಚ್ಚುಕಡಿಮೆ ಎಲ್ಲ ಕಂಪ್ಯೂಟರುಗಳಲ್ಲೂ ಮುಕ್ಕಾಲು ಜಾಗ ನಾಲ್ಕೈದು ಫೋಲ್ಡರುಗಳಲ್ಲೇ ಕೂತಿರುತ್ತದೆ.

ಇಲ್ಲಿ ಹೇಳಿರೋದು ವಿಂಡೋಸ್ 11ಕ್ಕೆ. ವಿಂಡೋಸ್ 10ರಲ್ಲಿ ಒಂದೆರಡು ಹೆಸರು ಬೇರೆ ಇರಬಹುದು, ದಾರಿ ಬಹುತೇಕ ಇದೇ.

ಶುರು ಮಾಡುವ ಮುಂಚೆ: ಎರಡನೇ ಪ್ರತಿ ಇದೆಯಾ?

ಕೆಲವು ವರ್ಷದ ಹಿಂದೆ ನನ್ನ ಲ್ಯಾಪ್‌ಟಾಪ್ ತುಂಬಿತ್ತು. ಅಣ್ಣನ ಮಗಳ ನಾಮಕರಣದ ಫೋಟೋಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ಹಾಕಿ, ಲ್ಯಾಪ್‌ಟಾಪಿನಿಂದ ಅಳಿಸಿದೆ. ಒಂದು ವರ್ಷ ಬಿಟ್ಟು ಪೆನ್‌ಡ್ರೈವ್ ಹಾಕಿದರೆ "ಫಾರ್ಮ್ಯಾಟ್ ಮಾಡಿ" ಅಂತ ಮಾತ್ರ ಬಂತು. ಎರಡು ಕಡೆ ರಿಪೇರಿಗೆ ಕೊಟ್ಟೆ. ಏನೂ ಸಿಗಲಿಲ್ಲ. ಅಜ್ಜಿ ಮಗುವನ್ನು ಎತ್ತಿಕೊಂಡಿದ್ದ ಫೋಟೋ ಅದೊಂದೇ ಇತ್ತು. ಇವತ್ತಿಗೂ ಅತ್ತಿಗೆ ಮುಂದೆ ಆ ಮಾತು ಬಂದರೆ ನನಗೆ ಸಂಕಟವಾಗುತ್ತದೆ.

ಹಾಗಾಗಿ ಮನೆಯವರ ಫೋಟೋ, ವಿಡಿಯೋ, ಕೆಲಸದ ಕಾಗದಪತ್ರ ಯಾವುದೇ ಆಗಲಿ, ಎರಡು ಬೇರೆ ಬೇರೆ ಜಾಗದಲ್ಲಿ ಇರುವವರೆಗೆ ಅಳಿಸಬೇಡಿ. ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಇನ್ನೊಂದು ಕ್ಲೌಡ್, ಅಂದರೆ ಗೂಗಲ್ ಡ್ರೈವಿನಂಥ ಇಂಟರ್ನೆಟ್ ಸಂಗ್ರಹ. ಇಲ್ಲವೇ ಎರಡು ಹಾರ್ಡ್ ಡಿಸ್ಕ್. ಪೆನ್‌ಡ್ರೈವ್ ಇರುವುದು ಅಲ್ಲಿಂದಿಲ್ಲಿಗೆ ಸಾಗಿಸಲಿಕ್ಕೆ, ವರ್ಷಗಟ್ಟಲೆ ಕಾಪಾಡಲಿಕ್ಕೆ ಅಲ್ಲ.

ಇನ್ನೊಂದು ವಿಷಯ ತಿಳಿದಿರಲಿ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆ ಇಲ್ಲದೆ ಚಿಪ್‌ಗಳಲ್ಲೇ ಬರೆದಿಡುವ ಡಿಸ್ಕ್. ಹಳೇ ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ ಫೈಲನ್ನು ರಿಕವರಿ ಸಾಫ್ಟ್‌ವೇರ್ ಹಾಕಿ ಎಷ್ಟೋ ಸಲ ಹೊರಗೆ ತೆಗೆಯಬಹುದಿತ್ತು. ಎಸ್‌ಎಸ್‌ಡಿಯಲ್ಲಿ ರಿಸೈಕಲ್ ಬಿನ್ ಖಾಲಿ ಮಾಡಿದ ಮೇಲೆ, ಆ ಜಾಗ ಇನ್ನು ಬೇಡ ಅಂತ ವಿಂಡೋಸ್ ಡಿಸ್ಕಿಗೆ ಹೇಳಿಬಿಡುತ್ತದೆ. ಇದಕ್ಕೆ ಟ್ರಿಮ್ ಅನ್ನುತ್ತಾರೆ. ಡಿಸ್ಕ್ ತಾನಾಗಿಯೇ ಅದನ್ನು ಒರೆಸಿ ಹಾಕುತ್ತದೆ. ಆಮೇಲೆ ವಾಪಸ್ ಸಿಗುವ ಆಸೆ ಇಟ್ಟುಕೊಳ್ಳಬೇಡಿ.

ಮೊದಲ ಹೆಜ್ಜೆ: ಎಷ್ಟಿದೆ, ಎಷ್ಟು ಉಳಿದಿದೆ?

ವಿಂಡೋಸ್ ಕೀ ಜೊತೆ ಇ ಒತ್ತಿ, ಎಡಗಡೆ "ದಿಸ್ ಪಿಸಿ" ಕ್ಲಿಕ್ ಮಾಡಿ. ಸಿ ಡ್ರೈವಿನ ಕೆಳಗೆ ಒಂದು ಪಟ್ಟಿ ಕಾಣುತ್ತದೆ. ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಜಾಗ ಉಳಿದರೆ ಅದು ನೀಲಿಯಿಂದ ಕೆಂಪಾಗುತ್ತದೆ. ಅಕ್ಕನದು ಪೂರ್ತಿ ಕೆಂಪು. 237 ಜಿಬಿಯಲ್ಲಿ 1.9 ಜಿಬಿ ಉಳಿದಿತ್ತು.

"256 ಅಂತ ಹೇಳಿ ಕೊಟ್ಟಿದ್ದಲ್ವಾ? 237 ಯಾಕೆ ತೋರಿಸ್ತಿದೆ?" ಅಂತ ಕೇಳಿದಳು. ಅಂಗಡಿಯವರು ಮೋಸ ಮಾಡಿದ್ದಲ್ಲ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಹಾಗಾಗಿ 256 ಜಿಬಿ ಡಿಸ್ಕ್ 238 ಅಂತ ಕಾಣುತ್ತದೆ, 1 ಟಿಬಿ ಡಿಸ್ಕ್ 931 ಜಿಬಿ ಅಂತ ಕಾಣುತ್ತದೆ. ಅದರಲ್ಲಿ ರಿಕವರಿಗೆ ಅಂತ ವಿಂಡೋಸ್ ಇನ್ನೊಂದು ಚೂರು ಬೇರೆ ಇಟ್ಟುಕೊಳ್ಳುತ್ತದೆ.

ಎಷ್ಟು ಖಾಲಿ ಇರಬೇಕು? ಡಿಸ್ಕಿನ ಹತ್ತನೇ ಒಂದು ಪಾಲಾದರೂ ಇರಲಿ, 256 ಜಿಬಿಯದ್ದಾದರೆ 30 ಜಿಬಿ ಇಟ್ಟುಕೊಳ್ಳಿ ಅನ್ನುತ್ತೇನೆ ನಾನು. ವಿಂಡೋಸಿನ ದೊಡ್ಡ ಅಪ್‌ಡೇಟ್ ಬಂದಾಗ ಜಾಗ ಸಾಲದಿದ್ದರೆ ಅರ್ಧಕ್ಕೇ ನಿಲ್ಲುತ್ತದೆ. ಎಸ್‌ಎಸ್‌ಡಿ ತುಂಬಾ ತುಂಬಿದರೆ ಬರೆಯುವ ವೇಗವೂ ಬಿದ್ದುಹೋಗುತ್ತದೆ. "ಲ್ಯಾಪ್‌ಟಾಪ್ ಸ್ಲೋ ಆಗಿದೆ" ಅಂತ ತರುವವರಲ್ಲಿ ಎಷ್ಟೋ ಜನರ ತೊಂದರೆ ಇದೇ.

ಎರಡನೇ ಹೆಜ್ಜೆ: ಜಾಗದ ನಕ್ಷೆ ನೋಡಿ

ಸಮಯ ಕೊಡಬೇಕಾದ್ದು ಇಲ್ಲಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ವಿಂಡೋಸಿನಲ್ಲೇ ಒಂದು ದಾರಿ ಇದೆ. ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಅದರಲ್ಲಿ ಸ್ಟೋರೇಜ್‌ಗೆ ಹೋಗಿ. ಒಂದೆರಡು ನಿಮಿಷ ಸುಮ್ನೆ ಬಿಡಿ, ಎಣಿಸಿ ಮುಗಿಸಲಿ. ಆ್ಯಪ್‌ಗಳು ಇಷ್ಟು, ಟೆಂಪರರಿ ಫೈಲ್ಸ್ ಇಷ್ಟು, ಡಾಕ್ಯುಮೆಂಟ್ಸ್ ಇಷ್ಟು ಅಂತ ತೋರಿಸುತ್ತದೆ. ಆದರೆ "ಅದರ್" ಅಂತ ಒಂದು ದೊಡ್ಡ ಮೊತ್ತ ತೋರಿಸಿದರೆ ಒಳಗೆ ಏನಿದೆ ಅಂತ ಇಲ್ಲಿಂದ ಹುಡುಕುವುದು ಕಷ್ಟ.

ಅದಕ್ಕೆ ನಾನು ವಿಜ್‌ಟ್ರೀ ಎನ್ನುವ ಪುಟ್ಟ ಸಾಫ್ಟ್‌ವೇರ್ ಬಳಸುತ್ತೇನೆ. ಮನೆಬಳಕೆಗೆ ಉಚಿತ. ವಿನ್‌ಡಿರ್‌ಸ್ಟಾಟ್ ಕೂಡ ಒಳ್ಳೆಯದೇ, ಅದು ಓಪನ್ ಸೋರ್ಸ್. ಯಾವುದೇ ಆದರೂ ಮಾಡಿದವರ ಸ್ವಂತ ಸೈಟಿನಿಂದಲೇ ಇಳಿಸಿಕೊಳ್ಳಿ. ಗೂಗಲ್‌ನಲ್ಲಿ ಮೇಲ್ಗಡೆ ಜಾಹೀರಾತಾಗಿ ಬರುವ ಲಿಂಕ್ ಒತ್ತಬೇಡಿ. ಅದೇ ಹೆಸರಲ್ಲಿ ಬೇರೆ ಏನೋ ಕೂರಿಸುವವರು ಇರುತ್ತಾರೆ.

ವಿಜ್‌ಟ್ರೀ ತೆರೆದು, ಸಿ ಡ್ರೈವ್ ಆರಿಸಿ, ಸ್ಕ್ಯಾನ್ ಒತ್ತಿ. ಡಿಸ್ಕಿನಲ್ಲಿ ಎಲ್ಲ ಫೈಲಿನ ಹೆಸರು ಮತ್ತು ಅಳತೆ ಬರೆದಿಟ್ಟ ಒಂದು ಯಾದಿ ಇರುತ್ತದೆ. ಇದು ಫೋಲ್ಡರ್ ಫೋಲ್ಡರ್ ತಿರುಗದೆ ಆ ಯಾದಿಯನ್ನೇ ನೇರವಾಗಿ ಓದುತ್ತದೆ. ಹಾಗಾಗಿ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಫೋಲ್ಡರುಗಳ ಸಾಲು, ಕೆಳಗೆ ಬಣ್ಣಬಣ್ಣದ ಚೌಕಗಳ ಒಂದು ಚಿತ್ರ. ಚೌಕ ದೊಡ್ಡದಿದ್ದಷ್ಟೂ ಫೈಲ್ ದೊಡ್ಡದು. ಮೇಲಿನಿಂದ ನೋಡಿದ ಗದ್ದೆಗಳ ಹಾಗೆ ಇರುತ್ತದೆ ಅದು. ಯಾರ ಹಿಡುವಳಿ ಎಷ್ಟು ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಅಕ್ಕನ ಡಿಸ್ಕಿನಲ್ಲಿ ಕಂಡಿದ್ದು ಇದು. ಫೋನಿನಿಂದ ಹಾಕಿಕೊಂಡ ಫೋಟೋ, ವಿಡಿಯೋ 34 ಜಿಬಿ. ಅವೇ ಫೋಟೋಗಳು "ಫೋನ್ ಹೊಸದು" ಎನ್ನುವ ಇನ್ನೊಂದು ಫೋಲ್ಡರಿನಲ್ಲಿ ಮತ್ತೆ 34 ಜಿಬಿ. ಡಾಕ್ಯುಮೆಂಟ್ಸ್ ಒಳಗೆ ಜೂಮ್ ಅಂತ ಒಂದು ಫೋಲ್ಡರ್, 41 ಜಿಬಿ. ಮಗ ಹಾಕಿಕೊಂಡಿದ್ದ ಒಂದು ಆಟ, 38 ಜಿಬಿ. ಡೌನ್‌ಲೋಡ್ಸ್ 19 ಜಿಬಿ.

ಅವಳ ಎಲ್ಲ ಪ್ರಶ್ನೆಪತ್ರಿಕೆ, ಪಾಠದ ಟಿಪ್ಪಣಿ, ಹತ್ತು ವರ್ಷದ ವರ್ಡ್ ಫೈಲುಗಳು ಸೇರಿ? ಅರ್ಧ ಜಿಬಿ ಕೂಡ ಇರಲಿಲ್ಲ. ಆ ರಾತ್ರಿ ಗಾಬರಿಯಲ್ಲಿ ಅಳಿಸಲು ಹೊರಟಿದ್ದು ಅವನ್ನೇ.

ಹೊಸ ಸಾಫ್ಟ್‌ವೇರ್ ಏನೂ ಬೇಡ ಅನ್ನುವವರು ಹೀಗೆ ಮಾಡಬಹುದು. ಫೈಲ್ ಎಕ್ಸ್‌ಪ್ಲೋರರಿನಲ್ಲಿ ಸಿ ಡ್ರೈವ್ ತೆರೆದು, ಬಲಗಡೆ ಮೇಲಿನ ಸರ್ಚ್ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಸೈಜ್ ಅಂತ ಟೈಪ್ ಮಾಡಿ, ಕೋಲನ್ ಹಾಕಿ, ಜೈಗ್ಯಾಂಟಿಕ್ ಅಂತ ಬರೆದು ಎಂಟರ್ ಒತ್ತಿ. ನಡುವೆ ಸ್ಪೇಸ್ ಬೇಡ. 4 ಜಿಬಿಗಿಂತ ದೊಡ್ಡ ಫೈಲುಗಳೆಲ್ಲ ಬರುತ್ತವೆ. ಜೈಗ್ಯಾಂಟಿಕ್ ಬದಲು ಹ್ಯೂಜ್ ಅಂತ ಹಾಕಿದರೆ 1ರಿಂದ 4 ಜಿಬಿ ನಡುವಿನವು. ಇದು ನಿಧಾನ. ಸಾವಿರಾರು ಚಿಕ್ಕ ಫೈಲುಗಳಿಂದ ದಪ್ಪಗಾದ ಫೋಲ್ಡರುಗಳನ್ನು ಇದು ಹಿಡಿಯುವುದೂ ಇಲ್ಲ.

ನೋಡಿದ್ದನ್ನು ಒಂದು ಹಾಳೆ ಮೇಲೆ ಬರೆದುಕೊಳ್ಳಿ. ಫೋಲ್ಡರ್ ಹೆಸರು, ಎಷ್ಟು ಜಿಬಿ, ಯಾರದ್ದು. ಮನೆಯಲ್ಲಿ ಎರಡು ಮೂರು ಜನ ಬಳಸುವ ಕಂಪ್ಯೂಟರಾದರೆ "ಯಾರದ್ದು" ಅನ್ನೋದು ತುಂಬಾ ಮುಖ್ಯ. ಇನ್ನೊಬ್ಬರದ್ದನ್ನು ಕೇಳದೆ ಮುಟ್ಟಬೇಡಿ.

ಮೂರನೇ ಹೆಜ್ಜೆ: ಯೋಚನೆ ಇಲ್ಲದೆ ತೆಗೆಯಬಹುದಾದ್ದು

ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಅಲ್ಲಿ ಟೆಂಪರರಿ ಫೈಲ್ಸ್ ತೆರೆಯಿರಿ. ಚೆಕ್‌ಬಾಕ್ಸ್‌ಗಳ ಒಂದು ಪಟ್ಟಿ ಬರುತ್ತದೆ.

ವಿಂಡೋಸ್ ಅಪ್‌ಡೇಟ್ ಕ್ಲೀನಪ್, ಡೆಲಿವರಿ ಆಪ್ಟಿಮೈಸೇಷನ್ ಫೈಲ್ಸ್, ಟೆಂಪರರಿ ಫೈಲ್ಸ್, ಟೆಂಪರರಿ ಇಂಟರ್ನೆಟ್ ಫೈಲ್ಸ್ ಇವೆಲ್ಲಕ್ಕೂ ಟಿಕ್ ಹಾಕಬಹುದು. ಥಂಬ್‌ನೇಲ್ಸ್ ತೆಗೆದರೂ ಏನೂ ಆಗುವುದಿಲ್ಲ, ವಿಂಡೋಸ್ ಮತ್ತೆ ಮಾಡಿಕೊಳ್ಳುತ್ತದೆ. ಅದಕ್ಕೇ ತೆಗೆದೂ ದೊಡ್ಡ ಲಾಭವಿಲ್ಲ.

ಇದೇ ಪಟ್ಟಿಯಲ್ಲಿ "ಡೌನ್‌ಲೋಡ್ಸ್" ಅಂತಲೂ ಒಂದಿರುತ್ತದೆ. ಅದಕ್ಕೆ ಟಿಕ್ ಹಾಕಬೇಡಿ. ಪಟ್ಟಿಯ ಹೆಸರು ಟೆಂಪರರಿ ಅಂತ ಇದ್ದರೂ ಅದು ನಿಮ್ಮ ಡೌನ್‌ಲೋಡ್ಸ್ ಫೋಲ್ಡರ್. ಪಹಣಿ, ಆಧಾರ್ ಪಿಡಿಎಫ್, ಬ್ಯಾಂಕ್ ಸ್ಟೇಟ್‌ಮೆಂಟ್, ಮಕ್ಕಳ ಹಾಲ್‌ಟಿಕೆಟ್ ಎಲ್ಲ ಅಲ್ಲೇ ಇರುತ್ತವೆ. ಎಲ್ಲಕ್ಕೂ ಟಿಕ್ ಹಾಕಿ ರಿಮೂವ್ ಒತ್ತಿ ಆಮೇಲೆ ಕಣ್ಣೀರು ಹಾಕಿದವರನ್ನು ನೋಡಿದ್ದೇನೆ.

ರಿಸೈಕಲ್ ಬಿನ್ನಿಗೂ ಇಲ್ಲಿಂದ ಟಿಕ್ ಹಾಕಬೇಡಿ. ಡೆಸ್ಕ್‌ಟಾಪಿನಲ್ಲಿ ಅದನ್ನು ತೆರೆದು, ಒಮ್ಮೆ ಕಣ್ಣಾಡಿಸಿ, ಆಮೇಲೆ ಖಾಲಿ ಮಾಡಿ. ಅಳಿಸಿದ ಫೈಲ್ ಬಿನ್ನಿನಲ್ಲಿ ಇರುವವರೆಗೂ ಒಂದು ಎಂಬಿ ಜಾಗವೂ ಬಿಡುವಾಗಿರುವುದಿಲ್ಲ. "ಅಷ್ಟೊಂದು ಅಳಿಸಿದೆ, ಏನೂ ಕಮ್ಮಿ ಆಗ್ಲಿಲ್ಲ" ಅನ್ನುವವರು ಹೆಚ್ಚಾಗಿ ಇಲ್ಲೇ ತಪ್ಪಿರುತ್ತಾರೆ.

"ಪ್ರೀವಿಯಸ್ ವಿಂಡೋಸ್ ಇನ್‌ಸ್ಟಲೇಷನ್ಸ್" ಅಂತ ಕಂಡರೆ, ಇತ್ತೀಚೆಗೆ ವಿಂಡೋಸಿನ ಹೊಸ ಆವೃತ್ತಿ ಬಂದಿದೆ, ಹಳೆಯದನ್ನೂ ಇಟ್ಟುಕೊಂಡಿದೆ ಅಂತ ಅರ್ಥ. ಇದೊಂದೇ ಎಷ್ಟೋ ಜಿಬಿ ಇರುತ್ತದೆ. ಹೊಸತು ಸರಿ ಹೋಗದಿದ್ದರೆ ಹಿಂದಕ್ಕೆ ಹೋಗಲು 10 ದಿನ ಅವಕಾಶ, ಆಮೇಲೆ ವಿಂಡೋಸೇ ಅದನ್ನು ಅಳಿಸುತ್ತದೆ. ಪ್ರಿಂಟರ್, ವೈಫೈ ಎಲ್ಲ ಸರಿಯಾಗಿ ನಡೆಯುತ್ತಿದ್ದರೆ ಕಾಯದೆ ತೆಗೆಯಿರಿ.

ಅಕ್ಕನ ಲ್ಯಾಪ್‌ಟಾಪಿನಲ್ಲಿ ಇದೆಲ್ಲ ಸೇರಿ 8 ಜಿಬಿ ಆಯಿತು. ಅಂದರೆ ಎಲ್ಲರೂ ಹೇಳುವ "ಟೆಂಪ್ ಕ್ಲೀನ್ ಮಾಡು" ಅನ್ನೋದರಿಂದ ಬಂದಿದ್ದು ಅಷ್ಟೇ.

ಬ್ರೌಸರಿನ ಕ್ಯಾಶ್, ಅಂದರೆ ನೋಡಿದ ಸೈಟುಗಳಿಂದ ಅದು ಉಳಿಸಿಟ್ಟುಕೊಂಡ ಫೈಲುಗಳು, ತೆಗೆಯುವುದು ಸುಲಭ. ಕ್ರೋಮಿನಲ್ಲಿ ಕಂಟ್ರೋಲ್, ಶಿಫ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ, "ಆಲ್ ಟೈಮ್" ಆರಿಸಿ, "ಕ್ಯಾಶ್ಡ್ ಇಮೇಜಸ್ ಆ್ಯಂಡ್ ಫೈಲ್ಸ್" ಒಂದಕ್ಕೆ ಮಾತ್ರ ಟಿಕ್ ಬಿಡಿ. ಕುಕೀಸ್‌ಗೆ ಟಿಕ್ ಹಾಕಿದರೆ ಎಲ್ಲ ಕಡೆ ಮತ್ತೆ ಲಾಗಿನ್ ಆಗಬೇಕು. ಟೆಲಿಗ್ರಾಂ ಬಳಸುವವರು ಅದರ ಸೆಟ್ಟಿಂಗ್ಸ್, ಅಡ್ವಾನ್ಸ್ಡ್, ಮ್ಯಾನೇಜ್ ಲೋಕಲ್ ಸ್ಟೋರೇಜ್ ನೋಡಿ. ದೊಡ್ಡ ಗ್ರೂಪುಗಳಲ್ಲಿ ಇದ್ದರೆ ಅಲ್ಲೂ ಜಿಬಿಗಟ್ಟಲೆ ಕೂತಿರುತ್ತದೆ.

ನಾಲ್ಕನೇ ಹೆಜ್ಜೆ: ಡೌನ್‌ಲೋಡ್ಸ್

ಫೋಲ್ಡರ್ ತೆರೆದು, ವ್ಯೂನಲ್ಲಿ ಡೀಟೇಲ್ಸ್ ಆರಿಸಿ, "ಸೈಜ್" ಅನ್ನುವ ತಲೆಬರಹ ಒತ್ತಿ. ತಿಂಗಳುಗಳ ಪ್ರಕಾರ ಗುಂಪಾಗಿ ಕಂಡರೆ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ಗ್ರೂಪ್ ಬೈನಲ್ಲಿ "ನನ್" (ಯಾವುದೂ ಇಲ್ಲ) ಅಂತ ಇಡಿ. ಆಗ ದೊಡ್ಡವು ಮೇಲೆ ಬರುತ್ತವೆ. ಮೊದಲು ಸಿಗುವುದು ಹಾಕಿ ಮುಗಿದ ಸಾಫ್ಟ್‌ವೇರ್‌ಗಳ ಸೆಟಪ್ ಫೈಲುಗಳು, ಬಿಚ್ಚಿ ಆದ ಮೇಲೂ ಉಳಿದ ಜಿಪ್ ಫೈಲುಗಳು. ಎರಡೂ ಹೋಗಲಿ.

ಆಮೇಲೆ ಹೆಸರಿನ ಪ್ರಕಾರ ಜೋಡಿಸಿ. ಒಂದೇ ಹೆಸರಿನ ಮುಂದೆ ಕಂಸದಲ್ಲಿ 1, 2, 3 ಅಂತ ಇರುವವು ಸಾಲಾಗಿ ಕಾಣುತ್ತವೆ. ಅವು ಅದೇ ಫೈಲನ್ನು ಮತ್ತೆ ಮತ್ತೆ ಇಳಿಸಿಕೊಂಡದ್ದು. ಅಕ್ಕ ವಾಟ್ಸಾಪ್ ವೆಬ್‌ನಿಂದ ಒಂದೇ ತರಬೇತಿ ವಿಡಿಯೋವನ್ನು ಆರು ಸಲ ಇಳಿಸಿಕೊಂಡಿದ್ದಳು. ಪ್ರತಿ ಸಲ ಎಲ್ಲಿ ಹೋಯಿತೆಂದು ಗೊತ್ತಾಗದೆ ಮತ್ತೆ ಒತ್ತಿದ್ದಳು ಪಾಪ. 19 ಜಿಬಿ 2ಕ್ಕೆ ಇಳಿಯಿತು. ಉಳಿದ ಪಿಡಿಎಫ್‌ಗಳನ್ನು "ಶಾಲೆ", "ಬ್ಯಾಂಕ್", "ಜಮೀನು" ಅಂತ ಮೂರು ಫೋಲ್ಡರ್ ಮಾಡಿ ಡಾಕ್ಯುಮೆಂಟ್ಸ್ ಒಳಗೆ ಹಾಕಿದೆವು.

ಐದನೇ ಹೆಜ್ಜೆ: ಬಳಸದ ಸಾಫ್ಟ್‌ವೇರ್, ಮತ್ತು ನುಡಿಯ ಬಗ್ಗೆ ಒಂದು ಮಾತು

ಸೆಟ್ಟಿಂಗ್ಸ್, ಆ್ಯಪ್ಸ್, ಇನ್‌ಸ್ಟಾಲ್ಡ್ ಆ್ಯಪ್ಸ್. ಅಲ್ಲಿ ಸಾರ್ಟ್ ಬೈ ಅಂತಿರುವಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಮೂರು ಚುಕ್ಕಿ ಒತ್ತಿದರೆ ಅನ್‌ಇನ್‌ಸ್ಟಾಲ್ ಬರುತ್ತದೆ. ಆ 38 ಜಿಬಿ ಆಟವನ್ನು ಮಗನನ್ನು ಕೂರಿಸಿಕೊಂಡು, ಅವನು ಎಷ್ಟು ದೂರ ಆಡಿದ್ದಾನೋ ಅದು ಆನ್‌ಲೈನ್ ಅಕೌಂಟಿನಲ್ಲಿ ಉಳಿದಿದೆ ಅಂತ ನೋಡಿಕೊಂಡ ಮೇಲೆಯೇ ತೆಗೆದೆ. ಅವನೇ ಬಟನ್ ಒತ್ತಿದ.

ಯಾವತ್ತೂ ಪ್ರೋಗ್ರಾಂ ಫೈಲ್ಸ್ ಒಳಗೆ ಹೋಗಿ ಫೋಲ್ಡರನ್ನೇ ಅಳಿಸಬೇಡಿ. ಅರ್ಧಂಬರ್ಧ ಉಳಿದು ಆಮೇಲೆ ತೆಗೆಯಲೂ ಆಗದೆ ಮತ್ತೆ ಹಾಕಲೂ ಆಗದೆ ಕಾಟ ಕೊಡುತ್ತದೆ.

ಪಟ್ಟಿಯ ಕೆಳಗೆ, ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್ ನುಡಿ ಕಂಡಿತು. "ಅದನ್ನ ತೆಗ್ದುಬಿಡು. ಈಗ ಯೂನಿಕೋಡಲ್ಲೇ ಟೈಪ್ ಮಾಡ್ತೀನಲ್ಲ" ಅಂದಳು ಅಕ್ಕ. ನಾನು ಬೇಡ ಅಂದೆ.

ಕಾರಣ ಇದು. ಕನ್ನಡ ಗಣಕ ಪರಿಷತ್ತಿನ ನುಡಿ ಇರಲಿ, ಬರಹ ಇರಲಿ, ಅವುಗಳಲ್ಲಿ ಮೊದಲೆಲ್ಲ ಟೈಪ್ ಮಾಡಿದ ಫೈಲುಗಳಲ್ಲಿ ಬಹಳಷ್ಟು ಯೂನಿಕೋಡ್ ಅಲ್ಲ, ಅಂದರೆ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವ ಈಗಿನ ಪದ್ಧತಿ ಅಲ್ಲ. ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಜಾಗಗಳೇ. ಅವನ್ನು ಕನ್ನಡವಾಗಿ ತೋರಿಸುವುದು ಆ ಫಾಂಟ್. ಫಾಂಟ್ ಹೋದರೆ ಕನ್ನಡವೂ ಹೋಯಿತು. ಅವಳ 2009ರ ಒಂದು ಪ್ರಶ್ನೆಪತ್ರಿಕೆಯನ್ನು ನುಡಿ ಇಲ್ಲದ ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದು ತೋರಿಸಿದೆ. ಪದ್ಯದ ಸಾಲು ಇರಬೇಕಾದ ಕಡೆ ತಲೆ ಮೇಲೆ ಗೆರೆ, ಚುಕ್ಕಿ, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ. ಅಕ್ಕ ಗಾಬರಿಯಾದಳು.

ಈ ಸಾಫ್ಟ್‌ವೇರ್‌ಗಳು ತಿನ್ನುವ ಜಾಗ ಏನೇನೂ ಅಲ್ಲ. ಇರಲಿ ಬಿಡಿ. ಬಿಡುವಿದ್ದಾಗ ಮುಖ್ಯವಾದ ಹಳೇ ಫೈಲುಗಳನ್ನು ಕನ್ವರ್ಟರಿನಲ್ಲಿ ಹಾಕಿ ಯೂನಿಕೋಡಿಗೆ ಬದಲಿಸಿಕೊಳ್ಳಿ. ಅಲ್ಲಿಯವರೆಗೆ ಆ ಫಾಂಟುಗಳ ಒಂದು ಪ್ರತಿಯನ್ನು ಬ್ಯಾಕಪ್ ಡಿಸ್ಕಿನಲ್ಲೂ ಇಡಿ. ಕನ್ನಡದಲ್ಲಿ ವರ್ಷಗಟ್ಟಲೆ ಬರೆದವರ, ಡಿಟಿಪಿ ಮಾಡಿದವರ ಕಂಪ್ಯೂಟರ್ ಕ್ಲೀನ್ ಮಾಡುವಾಗ ಇದನ್ನು ಮರೆಯಲೇಬಾರದು.

ಆರನೇ ಹೆಜ್ಜೆ: ಫೋಟೋ, ವಿಡಿಯೋ, ರೆಕಾರ್ಡಿಂಗ್

ನಿಜವಾದ ಜಾಗ ಸಿಗುವುದು ಇಲ್ಲಿ. ನಿಧಾನವಾಗಿ ಮಾಡಬೇಕಾದ್ದೂ ಇಲ್ಲೇ.

ಜೂಮ್ ಫೋಲ್ಡರಿನ ಕಥೆ ಕೇಳಿ. 2020ರಲ್ಲಿ ಆನ್‌ಲೈನ್ ಕ್ಲಾಸ್ ಶುರುವಾದಾಗ ಅಕ್ಕ ಪ್ರತಿ ಪಾಠವನ್ನೂ ರೆಕಾರ್ಡ್ ಮಾಡಿದ್ದಳು, ನೆಟ್‌ವರ್ಕ್ ಸಿಗದ ಮಕ್ಕಳಿಗೆ ಆಮೇಲೆ ಕಳಿಸಲಿಕ್ಕೆ. ಜೂಮ್ ಕಂಪ್ಯೂಟರಿನಲ್ಲೇ ರೆಕಾರ್ಡ್ ಮಾಡಿದರೆ ಅದು ಡಾಕ್ಯುಮೆಂಟ್ಸ್ ಒಳಗಿನ ಜೂಮ್ ಫೋಲ್ಡರಿಗೆ ಹೋಗುತ್ತದೆ. ದಿನಾಂಕ, ಸಮಯದ ಹೆಸರಿನಲ್ಲಿ ಒಂದೊಂದು ಕ್ಲಾಸಿಗೆ ಒಂದೊಂದು ಫೋಲ್ಡರ್. ಒಳಗೆ ಒಂದು ವಿಡಿಯೋ, ಜೊತೆಗೆ ಬರೀ ಧ್ವನಿಯ ಇನ್ನೊಂದು ಫೈಲ್. ಕೆಲವದರಲ್ಲಿ "ಡಬಲ್ ಕ್ಲಿಕ್ ಟು ಕನ್ವರ್ಟ್" ಎನ್ನುವ ಹೆಸರಿನ ಫೈಲುಗಳು. ಕರೆಂಟ್ ಹೋಗಿಯೋ ಏನೋ, ವಿಡಿಯೋ ಆಗಿ ಬದಲಾಗುವ ಮೊದಲೇ ನಿಂತುಹೋದವು ಅವು. ಐದು ವರ್ಷ ಯಾರೂ ಆ ಕಡೆ ತಿರುಗಿ ನೋಡಿರಲಿಲ್ಲ.

ಇಬ್ಬರೂ ಕೂತು ನೋಡಿದೆವು. ವ್ಯಾಕರಣದ ಪಾಠಗಳು ಬೇಡ ಅಂದಳು. ಮಕ್ಕಳು ಮನೆಯ ಜಗಲಿಯಿಂದ, ಗುಡ್ಡದ ತುದಿಯಿಂದ ಪದ್ಯ ಹಾಡಿದ ನಾಲ್ಕು ರೆಕಾರ್ಡಿಂಗ್ ಇದ್ದವು. ಒಂದರಲ್ಲಿ ಹಿಂದೆ ಮಳೆ ಹೊಡೆಯುವ ಸದ್ದು. "ಇವಿಷ್ಟು ಇರ್ಲಿ" ಅಂದಳು. ಆ ನಾಲ್ಕನ್ನು ಎರಡು ಕಡೆ ಇಟ್ಟು ಉಳಿದದ್ದನ್ನು ಅಳಿಸಿದೆವು.

ಬೇರೆ ಡಿಸ್ಕಿಗೆ ಸಾಗಿಸುವಾಗ ನಾನು ಪಾಲಿಸುವ ಕ್ರಮ:

1. ಕಟ್ ಮಾಡಬೇಡಿ, ಕಾಪಿ ಮಾಡಿ. ನಡುವೆ ಕೇಬಲ್ ಅಲುಗಾಡಿದರೆ ಮೂಲ ಪ್ರತಿ ಇದ್ದಲ್ಲೇ ಇರಬೇಕು.
2. ಮುಗಿದ ಮೇಲೆ ಎರಡೂ ಕಡೆ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಫೈಲುಗಳ ಸಂಖ್ಯೆ ಒಂದೇ ಇರಬೇಕು, "ಸೈಜ್" ಕೂಡ ಒಂದೇ ಇರಬೇಕು. ಅದರ ಕೆಳಗಿನ "ಸೈಜ್ ಆನ್ ಡಿಸ್ಕ್" ಬೇರೆ ಇದ್ದರೆ ಚಿಂತೆ ಬೇಡ. ಡಿಸ್ಕ್ ಡಿಸ್ಕಿಗೂ ಅದು ಬದಲಾಗುತ್ತದೆ.
3. ಹೊಸ ಡಿಸ್ಕಿನಿಂದಲೇ ನಾಲ್ಕೈದು ಫೋಟೋ, ಎರಡು ವಿಡಿಯೋ ತೆರೆದು ನೋಡಿ. ವಿಡಿಯೋದ ಕೊನೇ ನಿಮಿಷವನ್ನೂ ಓಡಿಸಿ ನೋಡಿ.
4. ಟಾಸ್ಕ್‌ಬಾರಿನಿಂದ ಇಜೆಕ್ಟ್ ಮಾಡಿ ತೆಗೆಯಿರಿ. ಮತ್ತೆ ಚುಚ್ಚಿ ಒಮ್ಮೆ ತೆರೆಯಿರಿ.
5. ಎರಡನೇ ಪ್ರತಿಯೂ ಆದ ಮೇಲೆ ಮಾತ್ರ ಲ್ಯಾಪ್‌ಟಾಪಿನಿಂದ ಅಳಿಸಿ.

ಮದುವೆ ವಿಡಿಯೋದಂಥ ದೊಡ್ಡ ಫೈಲ್ ಪೆನ್‌ಡ್ರೈವಿಗೆ ಹೋಗದೆ, "ಫೈಲ್ ತುಂಬಾ ದೊಡ್ಡದು" ಅಂತ ಬರುವುದುಂಟು, ಜಾಗ ಇದ್ದರೂ. ಆ ಡ್ರೈವ್ ಫ್ಯಾಟ್32 ಎನ್ನುವ ಹಳೇ ವಿಧಾನದಲ್ಲಿ ಫಾರ್ಮ್ಯಾಟ್ ಆಗಿರುತ್ತದೆ. ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವ ಹಾಗಿಲ್ಲ. ಒಳಗಿನದ್ದನ್ನು ಬೇರೆ ಕಡೆ ಇಟ್ಟು, ಎಕ್ಸ್‌ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ.

ಆ ಎರಡು 34 ಜಿಬಿ ಫೋಟೋ ಫೋಲ್ಡರುಗಳು? ಸಂಖ್ಯೆ, ಸೈಜ್ ಎರಡೂ ಸರಿಸಮ ಇದ್ದವು. ಆದರೂ ತಕ್ಷಣ ಅಳಿಸಲಿಲ್ಲ. ಒಂದನ್ನು ಮೊದಲು ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿ, ಅಲ್ಲಿ ತೆರೆದು ನೋಡಿ, ಆಮೇಲೆ "ಫೋನ್ ಹೊಸದು" ತೆಗೆದೆವು. ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಒಂದು ಬೀರುವಿನಲ್ಲಿ. ಒಂದೇ ಡಿಸ್ಕಿನಲ್ಲಿ ಎರಡು ಸಲ ಇಟ್ಟರೆ ಅದು ಬ್ಯಾಕಪ್ ಅಲ್ಲ. ಡಿಸ್ಕ್ ಹೋದರೆ ಎರಡೂ ಒಟ್ಟಿಗೇ ಹೋಗುತ್ತವೆ.

ವಿಡಿಯೋಗಳನ್ನು ಕಂಪ್ರೆಸ್ ಮಾಡಿ ಚಿಕ್ಕದು ಮಾಡಬಹುದಲ್ಲ ಅಂತ ಕೇಳುತ್ತಾರೆ. ಹ್ಯಾಂಡ್‌ಬ್ರೇಕ್ ಎನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಆಗುತ್ತದೆ. ಪಾಠದ ರೆಕಾರ್ಡಿಂಗಿಗೆ ಪರವಾಗಿಲ್ಲ. ಮನೆಯವರ ವಿಡಿಯೋಗೆ ನಾನು ಮಾಡುವುದಿಲ್ಲ. ಒಮ್ಮೆ ಕಳೆದ ಸ್ಪಷ್ಟತೆ ಮತ್ತೆ ಬರುವುದಿಲ್ಲ.

ಏಳನೇ ಹೆಜ್ಜೆ: ಒನ್‌ಡ್ರೈವ್ ಇದ್ದರೆ

ಇಲ್ಲಿ ತುಂಬಾ ಜನ ಎಡವುತ್ತಾರೆ. ಒನ್‌ಡ್ರೈವ್ ಅಂದರೆ ಮೈಕ್ರೋಸಾಫ್ಟಿನ ಕ್ಲೌಡ್ ಸಂಗ್ರಹ. ಅದರ ಫೋಲ್ಡರಿನ ಫೈಲನ್ನು ಲ್ಯಾಪ್‌ಟಾಪಿನಲ್ಲಿ ಡಿಲೀಟ್ ಮಾಡಿದರೆ ಅದು ಕ್ಲೌಡಿನಿಂದಲೂ ಹೋಗುತ್ತದೆ, ಫೋನಿನಿಂದಲೂ ಹೋಗುತ್ತದೆ. ಬೇಕಿರುವುದು ಡಿಲೀಟ್ ಅಲ್ಲ. ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ "ಫ್ರೀ ಅಪ್ ಸ್ಪೇಸ್" ಒತ್ತಿ. ಹಸಿರು ಟಿಕ್ ಇದ್ದಲ್ಲಿ ಮೋಡದ ಚಿತ್ರ ಬರುತ್ತದೆ. ಫೈಲ್ ಹೆಸರು ಕಾಣುತ್ತಿರುತ್ತದೆ, ಜಾಗ ತಿನ್ನುವುದಿಲ್ಲ, ತೆರೆದಾಗ ಇಳಿದು ಬರುತ್ತದೆ. ನೆಟ್ ಇಲ್ಲದಿದ್ದರೆ ತೆರೆಯುವುದಿಲ್ಲ ಅನ್ನೋದು ನೆನಪಿರಲಿ. ದಿನಾ ಬೇಕಾಗುವ ಫೋಲ್ಡರಿಗೆ "ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್" ಹಾಕಿ. ಗೂಗಲ್ ಡ್ರೈವನ್ನು ಕಂಪ್ಯೂಟರಿಗೆ ಹಾಕಿಕೊಂಡಿದ್ದರೆ ಮಿರರ್ ಬದಲು ಸ್ಟ್ರೀಮ್ ಅಂತ ಇಟ್ಟುಕೊಳ್ಳಿ, ಆಗ ಫೈಲುಗಳು ಕ್ಲೌಡಿನಲ್ಲೇ ಇರುತ್ತವೆ.

ಉಚಿತವಾಗಿ ಒನ್‌ಡ್ರೈವ್ ಕೊಡುವುದು 5 ಜಿಬಿ, ಗೂಗಲ್ 15 ಜಿಬಿ, ಅದರಲ್ಲಿ ಜಿಮೇಲೂ ಸೇರಿತು. ಫೋಟೋ ಸಂಗ್ರಹಕ್ಕೆ ಇದು ಸಾಲದು. ಕಾಗದಪತ್ರಗಳಿಗೆ ಧಾರಾಳ ಸಾಕು.

ಮುಟ್ಟಬಾರದ್ದು

ವಿಜ್‌ಟ್ರೀಯಲ್ಲಿ ವಿಂಡೋಸ್ ಫೋಲ್ಡರಿನೊಳಗೆ ವಿನ್‌ಎಸ್‌ಎಕ್ಸ್‌ಎಸ್ ಅಂತ ಒಂದು ದೊಡ್ಡದು ಕಾಣುತ್ತದೆ. ಅದನ್ನು ಅಳಿಸಬೇಡಿ. ವಿಂಡೋಸಿನ ಬಿಡಿಭಾಗಗಳೆಲ್ಲ ಅಲ್ಲಿವೆ. ಒಂದೇ ಫೈಲ್ ಎರಡು ಕಡೆ ಹೆಸರು ಹೊಂದಿರುವುದರಿಂದ ಪ್ರಾಪರ್ಟೀಸಿನಲ್ಲಿ ನಿಜಕ್ಕಿಂತ ದಪ್ಪ ಕಾಣುತ್ತದೆ, ಅಷ್ಟೇ. ಪೇಜ್‌ಫೈಲ್ ಕೂಡ ವಿಂಡೋಸಿನದ್ದೇ, ಇರಲಿ.

ಹೈಬರ್‌ಫಿಲ್ ಅಂತ ಇನ್ನೊಂದು ಇರುತ್ತದೆ. ಸಾಮಾನ್ಯವಾಗಿ ರ‍್ಯಾಮಿನ ನೂರಕ್ಕೆ 40ರಷ್ಟು. 8 ಜಿಬಿ ರ‍್ಯಾಮ್ ಇದ್ದರೆ ಸುಮಾರು 3 ಜಿಬಿ. ಹೈಬರ್ನೇಟ್ ಆಗುವಾಗ ತೆರೆದ ಕೆಲಸವನ್ನೆಲ್ಲ ವಿಂಡೋಸ್ ಇದರಲ್ಲಿ ಬರೆದಿಡುತ್ತದೆ. ಕಮಾಂಡ್ ಪ್ರಾಂಪ್ಟನ್ನು "ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್" ಅಂತ ತೆರೆದು, ಪಿ-ಒ-ಡಬ್ಲ್ಯು-ಇ-ಆರ್-ಸಿ-ಎಫ್-ಜಿ, ಸ್ಪೇಸ್, ಮೈನಸ್ ಗುರುತು ಅಂಟಿಸಿ ಎಚ್, ಸ್ಪೇಸ್, ಒ-ಎಫ್-ಎಫ್ ಅಂತ ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಿದರೆ ಅದು ಹೋಗುತ್ತದೆ. ಕೊನೆಯ ಪದವನ್ನು ಒ-ಎನ್ ಅಂತ ಮಾಡಿದರೆ ವಾಪಸ್ ಬರುತ್ತದೆ. ಡೆಸ್ಕ್‌ಟಾಪ್ ಇರುವವರು ತೆಗೆಯಬಹುದು. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಪೂರ್ತಿ ಇಳಿದಾಗ ಕೆಲಸ ಕಳೆಯದಂತೆ ಕಾಯುವುದು ಇದೇ. ಅಕ್ಕನ ಊರಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಬರೋದು ಮರುದಿನ. ಹಾಗಾಗಿ ಅವಳದ್ದರಲ್ಲಿ ನಾನು ಮುಟ್ಟಲಿಲ್ಲ.

ರಿಜಿಸ್ಟ್ರಿ ಕ್ಲೀನ್ ಮಾಡುತ್ತೇವೆ, ಸ್ಪೀಡ್ ಮಾಡುತ್ತೇವೆ ಅನ್ನುವ ಸಾಫ್ಟ್‌ವೇರ್‌ಗಳು ಬೇಡ. ರಿಜಿಸ್ಟ್ರಿ ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ಜಾಗ. ಅದರಿಂದ ಸಿಗುವ ಜಾಗ ಲೆಕ್ಕಕ್ಕೇ ಇಲ್ಲ. ತಪ್ಪಿದರೆ ವಿಂಡೋಸೇ ಏಳುವುದಿಲ್ಲ.

ಮತ್ತೆ ತುಂಬದ ಹಾಗೆ

ಸ್ಟೋರೇಜ್ ಪುಟದಲ್ಲೇ, ಬೇಡದ ಫೈಲುಗಳನ್ನು ತಾನಾಗಿ ತೆಗೆಯುವ ಸ್ಟೋರೇಜ್ ಸೆನ್ಸ್ ಇದೆ. ಆನ್ ಮಾಡಿ, ತಿಂಗಳಿಗೊಮ್ಮೆ ಓಡುವ ಹಾಗೆ ಇಡಿ. ರಿಸೈಕಲ್ ಬಿನ್ 30 ದಿನ. ಡೌನ್‌ಲೋಡ್ಸ್ "ನೆವರ್". ಈ ಎರಡನೆಯದನ್ನು ಕಣ್ಣಾರೆ ನೋಡಿ ಖಚಿತ ಮಾಡಿಕೊಳ್ಳಿ.

ಡಿ ಡ್ರೈವ್ ಅಂತ ಇನ್ನೊಂದು ಇದ್ದು ಅದು ಖಾಲಿ ಇದ್ದರೆ, ಪಿಕ್ಚರ್ಸ್ ಮತ್ತು ವಿಡಿಯೋಸ್ ಫೋಲ್ಡರನ್ನೇ ಅಲ್ಲಿಗೆ ಕಳಿಸಬಹುದು. ಮೊದಲು ಡಿಯಲ್ಲಿ ಒಂದು ಹೊಸ ಫೋಲ್ಡರ್ ಮಾಡಿ. ಆಮೇಲೆ ಪಿಕ್ಚರ್ಸ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಲೊಕೇಷನ್, ಮೂವ್. ಫೋಲ್ಡರ್ ಮಾಡದೆ ನೇರವಾಗಿ ಡಿ ಡ್ರೈವನ್ನೇ ತೋರಿಸಬೇಡಿ. ಇಡೀ ಡ್ರೈವೇ ಪಿಕ್ಚರ್ಸ್ ಆಗಿ ಕೂತು ಬಿಡಿಸುವುದು ಗೋಳಾಗುತ್ತದೆ.

ಸಂಜೆ ಐದಕ್ಕೆ ಅಕ್ಕನ ಸಿ ಡ್ರೈವ್ ನೋಡಿದಾಗ 140 ಜಿಬಿ ಖಾಲಿ. ಪಟ್ಟಿ ನೀಲಿ.

ಇಷ್ಟೆಲ್ಲ ಮಾಡಿದ ಮೇಲೂ ಮೂರು ತಿಂಗಳಲ್ಲಿ ಮತ್ತೆ ತುಂಬಿದರೆ ನಿಮ್ಮ ಕೆಲಸಕ್ಕೆ ಆ ಡಿಸ್ಕ್ ಚಿಕ್ಕದು ಅಂತಲೇ ಅರ್ಥ. ವಿಡಿಯೋ ಎಡಿಟ್ ಮಾಡುವವರಿಗೆ, ಫೋಟೋಗ್ರಾಫರುಗಳಿಗೆ ಹೀಗಾಗುವುದು ಸಹಜ. ಆಗ ದೊಡ್ಡ ಎಸ್‌ಎಸ್‌ಡಿ ಹಾಕಿಸಿ. ಕೊಳ್ಳುವ ಮೊದಲು ನಿಮ್ಮ ಲ್ಯಾಪ್‌ಟಾಪ್ ಮಾಡೆಲ್ ಹೇಳಿ ಎರಡು ಪ್ರಶ್ನೆ ಕೇಳಿ. ಇದಕ್ಕೆ ಎಂ.2 ಎನ್‌ವಿಎಂಇ ಹಿಡಿಯುತ್ತದೆಯೋ, ಸಾಟಾ ಹಿಡಿಯುತ್ತದೆಯೋ (ಇವು ಎಸ್‌ಎಸ್‌ಡಿಯ ಎರಡು ಬಗೆ)? ಒಳಗೆ ಇನ್ನೊಂದು ಖಾಲಿ ಸ್ಲಾಟ್ ಇದೆಯೋ? ಸ್ಲಾಟ್ ಇದ್ದರೆ ಹಳೆಯದನ್ನು ತೆಗೆಯುವ ಕೆಲಸವೇ ಇಲ್ಲ. ಇಲ್ಲದಿದ್ದರೆ, ಲ್ಯಾಪ್‌ಟಾಪ್ ಬಿಚ್ಚುವ ಮೊದಲು, ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್‌ನ ರಿಕವರಿ ಕೀಯ 48 ಅಂಕಿಗಳನ್ನು ಮೈಕ್ರೋಸಾಫ್ಟ್ ಅಕೌಂಟಿನಿಂದ ತೆಗೆದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಹಳೇ ಡಿಸ್ಕನ್ನು ಅಂಗಡಿಯಲ್ಲಿ ಬಿಡದೆ ಕೇಳಿ ಮನೆಗೆ ತನ್ನಿ. ಹೊಸತರಲ್ಲಿ ಎಲ್ಲ ಫೈಲೂ ಇವೆ ಅಂತ ಗ್ಯಾರಂಟಿ ಆಗುವವರೆಗೆ, ಕನಿಷ್ಠ ಒಂದು ತಿಂಗಳು, ಅದನ್ನು ಹಾಗೇ ಬೀರುವಿನಲ್ಲಿಡಿ.